ಹಳೆಯ ಕಾರಿನ ಮೌನ

ಎಡಗಾಲು ಮನುಷ್ಯನಿಗೆ ಎಷ್ಟು ಬೇಕಾದ ವಸ್ತು ಎಂಬುದು ನನಗೆ ತಿಳಿದದ್ದು ನಲವತ್ತನಾಲ್ಕನೆಯ ವಯಸ್ಸಿನಲ್ಲಿ. ೨೦೨೨ರ ಮಳೆಗಾಲದ ಒಂದು ಸಂಜೆ ಹುಣಸೂರಿನ ಕಾಲೇಜಿನಿಂದ ಮೈಸೂರಿನ ಮನೆಗೆ ಮರಳುತ್ತಿದ್ದೆ. ಬಿಳಿಕೆರೆಯ ಬಳಿ ಸ್ಕೂಟರು ಜಾರಿತು. ತಲೆಗೆ ಏನೂ ಆಗಲಿಲ್ಲ. ಎಡಮಂಡಿಯ ಒಳಗಿನ ಕಟ್ಟೊಂದು ಹರಿಯಿತು. ಶಸ್ತ್ರಚಿಕಿತ್ಸೆಯಾಗಿ ಮೂರು ತಿಂಗಳು ಹಾಸಿಗೆಯಲ್ಲಿ ಕಳೆದ ಮೇಲೆ ವೈದ್ಯರು ನನ್ನನ್ನು ನಿಲ್ಲಿಸಿ, ನಡೆಸಿ, ಕೂರಿಸಿ ನೋಡಿ, ತೀರ್ಪು ಕೊಟ್ಟರು: "ನಿಂತು ಪಾಠ ಮಾಡಬಹುದು, ಮೆಲ್ಲಗೆ ನಡೆಯಬಹುದು. ಸ್ಕೂಟರು ಬೇಡ. ಬಸ್ಸಿನ ನೂಕುನುಗ್ಗಲು ಬೇಡ. ಕಾರಾದರೆ ಕ್ಲಚ್ ಇಲ್ಲದ ಕಾರು."

ವೈದ್ಯರಿಗೆ ಇದು ಒಂದು ವಾಕ್ಯ. ಖಾಸಗಿ ಕಾಲೇಜಿನ ಕನ್ನಡ ಅಧ್ಯಾಪಕನಿಗೆ ಇದು ಒಂದು ಆಯವ್ಯಯ ಪತ್ರ. ಕ್ಲಚ್ ಇಲ್ಲದ ಹೊಸ ಕಾರಿನ ಬೆಲೆಯನ್ನು ವಿಚಾರಿಸಿ ಬಂದ ದಿನ ನಾವಿಬ್ಬರೂ ಊಟದ ಹೊತ್ತಿನಲ್ಲಿ ಮಾತನಾಡಲಿಲ್ಲ. ಮಗಳ ಮುಂದಿನ ಓದಿಗೆಂದು ಹತ್ತು ವರ್ಷಗಳಿಂದ ಕೂಡಿಟ್ಟ ಮೂರು ಲಕ್ಷ ರೂಪಾಯಿ ಬ್ಯಾಂಕಿನಲ್ಲಿತ್ತು. ಮನೆಯಿಂದ ಕಾಲೇಜಿಗೆ ಸುಮಾರು ೪೫ ಕಿಲೋಮೀಟರು. ಕಾಲೇಜಿಗೆ ಹೋಗದಿದ್ದರೆ ಸಂಬಳವಿಲ್ಲ. ಹೋಗಬೇಕಾದರೆ ಆ ಹಣಕ್ಕೆ ಕೈಹಾಕಬೇಕು. ಹೀಗೆ ನಾನು ಹಳೆಯ ಕಾರುಗಳ ಪ್ರಪಂಚವನ್ನು ಕುಂಟುತ್ತಾ ಪ್ರವೇಶಿಸಿದೆ. ಬಿದ್ದ ಸ್ಕೂಟರನ್ನು ರಿಪೇರಿ ಮಾಡಿಸಿ ಅಷ್ಟರಲ್ಲೇ ಮಾರಿದ್ದೆ. ಅದರ ಮಾತು ಮುಂದೆ ಬರುತ್ತದೆ.

ಆಟೊಮ್ಯಾಟಿಕ್ ಎಂದರೆ ಒಂದೇ ವಸ್ತುವೆಂದು ನಾನು ಭಾವಿಸಿದ್ದೆ. ಅದೊಂದು ಗೋತ್ರದ ಹೆಸರು. ಒಳಗೆ ಬೇರೆ ಬೇರೆ ಮನೆತನಗಳಿವೆ. ನಮ್ಮ ದೇಶದಲ್ಲಿ ೨೦೧೪ರಲ್ಲಿ ಮಾರುತಿಯವರ ಸೆಲೆರಿಯೊ ಕಾರಿನೊಡನೆ ಜನಸಾಮಾನ್ಯರ ಕೈಗೆ ಬಂದ ಎ.ಎಂ.ಟಿ. ಎಂಬುದು ಮಾಮೂಲಿ ಗೇರ್‌ಬಾಕ್ಸೇ. ಕ್ಲಚ್ಚನ್ನು ಕಾಲಿನ ಬದಲು ಒಂದು ಯಂತ್ರ ಒತ್ತುತ್ತದೆ, ಅಷ್ಟೆ. ಹಿಗ್ಗಿ ಕುಗ್ಗುವ ಎರಡು ರಾಟೆಗಳ ನಡುವೆ ಪಟ್ಟಿಯೊಂದು ಓಡುವ ಸಿ.ವಿ.ಟಿ. ಮತ್ತೊಂದು, ಅದನ್ನು ೧೯೫೮ರಲ್ಲೇ ಹಾಲೆಂಡಿನ ಡಾಫ್ ಕಂಪನಿ ಸಣ್ಣ ಕಾರಿಗೆ ಅಳವಡಿಸಿ ಮಾರಿತ್ತು. ಎರಡು ಕ್ಲಚ್ಚುಗಳನ್ನು ಒಟ್ಟಿಗೆ ಇಟ್ಟುಕೊಂಡದ್ದು ಇನ್ನೊಂದು. ಇವೆಲ್ಲಕ್ಕೂ ಹಿರಿಯಣ್ಣನಂತಿರುವುದು ಎಣ್ಣೆಯ ಮೂಲಕ ಶಕ್ತಿಯನ್ನು ದಾಟಿಸುವ ಟಾರ್ಕ್ ಕನ್ವರ್ಟರ್ ಉಳ್ಳದ್ದು. ನನಗೆ ಗಂಟುಬಿದ್ದದ್ದು ಈ ಹಿರಿಯಣ್ಣ.

ಎರಡು ಫ್ಯಾನುಗಳನ್ನು ಎದುರುಬದುರಾಗಿ ಇಟ್ಟು ಒಂದಕ್ಕೆ ಮಾತ್ರ ವಿದ್ಯುತ್ತು ಕೊಡಿ. ಅದರ ಗಾಳಿಗೆ ಇನ್ನೊಂದೂ ಮೆಲ್ಲನೆ ತಿರುಗತೊಡಗುತ್ತದೆ. ಎರಡಕ್ಕೂ ನಡುವೆ ಯಾವ ಬೆಸುಗೆಯೂ ಇಲ್ಲ. ಗಾಳಿಯ ಬದಲು ಎಣ್ಣೆಯನ್ನು ಕಲ್ಪಿಸಿಕೊಂಡರೆ ತತ್ತ್ವ ತಿಳಿದಂತೆಯೇ. ಹರ್ಮನ್ ಫಟಿಂಗರ್ ಎಂಬ ಜರ್ಮನ್ ಎಂಜಿನಿಯರು ೧೯೦೫ರಲ್ಲಿ ಇದಕ್ಕೆ ಪೇಟೆಂಟು ಪಡೆದದ್ದು ಕಾರಿಗಾಗಿ ಅಲ್ಲ, ಹಡಗಿಗಾಗಿ. ಟರ್ಬೈನಿನ ಅತಿವೇಗವನ್ನು ತಗ್ಗಿಸಿ ನೀರಿನೊಳಗಿನ ಚಕ್ರಕ್ಕೆ ತಲುಪಿಸುವುದು ಅವನ ಉದ್ದೇಶ. ಅಮೆರಿಕದ ಓಲ್ಡ್ಸ್‌ಮೊಬೀಲ್ ಕಾರಿನಲ್ಲಿ ೧೯೩೯ರ ಕೊನೆಗೆ ಹೈಡ್ರಮ್ಯಾಟಿಕ್ ಎಂಬ ಹೆಸರಿನಿಂದ ಎಣ್ಣೆಯ ಜೋಡಣೆಯೂ ತನಗೆ ತಾನೇ ಬದಲಾಗುವ ಗೇರುಗಳೂ ಒಟ್ಟಿಗೆ ಬಂದವು. ಕನ್ವರ್ಟರೇ ಮುಖ್ಯವಾಗಿದ್ದ ಬ್ಯೂಕ್ ಡೈನಾಫ್ಲೋ ಬಂದದ್ದು ೧೯೪೮ರಲ್ಲಿ. ಒಳಗೆ ಸೂರ್ಯನ ಸುತ್ತ ಗ್ರಹಗಳು ಸುತ್ತುವಂತೆ ಒಂದು ಹಲ್ಲುಚಕ್ರದ ಸುತ್ತ ಬೇರೆ ಹಲ್ಲುಚಕ್ರಗಳು ಸುತ್ತುತ್ತವೆ. ಯಾವುದನ್ನು ಹಿಡಿದು ನಿಲ್ಲಿಸಬೇಕು, ಯಾವುದನ್ನು ಬಿಡಬೇಕು ಎಂಬುದರ ಮೇಲೆ ಗೇರು ನಿರ್ಧಾರವಾಗುತ್ತದೆ. ಹಿಡಿಯುವ ಕೆಲಸ ತೆಳ್ಳನೆಯ ಬಿಲ್ಲೆಗಳದು. ಅವನ್ನು ಒತ್ತುವುದು ಎಣ್ಣೆಯ ಒತ್ತಡ. ಶಕ್ತಿಯನ್ನು ದಾಟಿಸುವುದೂ ಎಣ್ಣೆ, ಆಜ್ಞೆ ಮಾಡುವುದೂ ಎಣ್ಣೆ, ತಣಿಸುವುದೂ ಎಣ್ಣೆ. ಎಣ್ಣೆ ಕೆಟ್ಟರೆ ಎಲ್ಲವೂ ಕೆಟ್ಟಂತೆ. ಆದರೆ ಕೆಡುವಾಗ ಅದು ಎಂಜಿನ್ನಿನಂತೆ ಕೆಮ್ಮುವುದಿಲ್ಲ, ಹೊಗೆಯುಗುಳುವುದಿಲ್ಲ. ಬಹುಕಾಲ ಸುಮ್ಮನಿರುತ್ತದೆ.

ಇದನ್ನೆಲ್ಲ ನನಗೆ ಕಲಿಸಿದವರು ಬನ್ನಿಮಂಟಪದ ಕಡೆ ಗ್ಯಾರೇಜು ಇಟ್ಟಿರುವ ಒಬ್ಬ ಮೇಸ್ತ್ರಿ. ಫಟಿಂಗರನ ಹೆಸರು ಅವರಿಗೆ ಗೊತ್ತಿಲ್ಲ. ಅದನ್ನು ನಾನು ಪುಸ್ತಕದಲ್ಲಿ ಓದಿದೆ. ಉಳಿದುದನ್ನು ಅವರು, ಹರಡಿಟ್ಟ ಗೇರ್‌ಬಾಕ್ಸಿನ ಮುಂದೆ ಕುಕ್ಕರುಗಾಲಿನಲ್ಲಿ ಕುಳಿತು, ಒಂದೊಂದು ಬಿಲ್ಲೆಯನ್ನೂ ಅಂಗೈಯಲ್ಲಿಟ್ಟು ತೋರಿಸಿದರು. "ಮೇಷ್ಟ್ರೇ, ಎಂಜಿನ್ ಹೆಂಗಸರ ಹಾಗೆ, ಸ್ವಲ್ಪ ಬೇಜಾರಾದರೂ ಹೇಳಿಬಿಡುತ್ತೆ. ಇದು ಗಂಡಸರ ಹಾಗೆ. ಒಂದೇ ಸಲ ಬೀಳುತ್ತೆ" ಎಂದರು. ಈ ಮಾತನ್ನು ನನ್ನ ಹೆಂಡತಿಗೆ ಹೇಳಿದಾಗ ಆಕೆ ನನ್ನ ಮಂಡಿಯತ್ತ ನೋಡಿದಳು.

ಕಾರು ಸಿಕ್ಕಿತು. ಕುವೆಂಪುನಗರದ ನಿವೃತ್ತ ಅಧಿಕಾರಿಯೊಬ್ಬರದು, ೨೦೧೧ರದು, ನಾಲ್ಕು ಗೇರಿನದು, ಓಡಿದ್ದು ೧,೪೨,೦೦೦ ಕಿಲೋಮೀಟರು, ಕೇಳಿದ ಬೆಲೆ ೨,೮೫,೦೦೦ ರೂಪಾಯಿ. ತಯಾರಕರ ಹೆಸರು ಇಲ್ಲಿ ಬೇಡ, ತಪ್ಪು ಅವರದಲ್ಲ. ಖಾಸಗಿ ಕಾರಿನ ನೋಂದಣಿ ಹದಿನೈದು ವರ್ಷಕ್ಕೆ ಮುಗಿಯುವುದರಿಂದ ೨೦೨೬ಕ್ಕೆ ಅದನ್ನು ನವೀಕರಿಸಬೇಕಾಗಿತ್ತು. ಅದನ್ನೂ ಲೆಕ್ಕಕ್ಕೆ ಸೇರಿಸಿಯೇ ೨೦೨೩ರ ಜನವರಿಯ ಒಂದು ಬೆಳಿಗ್ಗೆ ಮೇಸ್ತ್ರಿಯೊಡನೆ ಹೋದೆ.

ಸಾವಿರಾರು ಕಿಲೋಮೀಟರುಗಳ ಅಂಕಿಯನ್ನು ನಾನು ಭಯಭಕ್ತಿಯಿಂದ ನೋಡುತ್ತಿದ್ದರೆ ಮೇಸ್ತ್ರಿ ಅದರತ್ತ ಕಣ್ಣು ಹಾಯಿಸಲೂ ಇಲ್ಲ. ಅವರು ನೋಡಿದ್ದು ಬ್ರೇಕಿನ ಪೆಡಲಿನ ಮೇಲಿನ ರಬ್ಬರನ್ನು, ಸ್ಟಿಯರಿಂಗಿನ ಚಕ್ರ ಎಲ್ಲಿ ನುಣುಪಾಗಿದೆ ಎಂಬುದನ್ನು, ಚಾಲಕನ ಆಸನದ ಅಂಚನ್ನು. ಟೈರಿನ ಮಗ್ಗುಲಲ್ಲಿ ನಾಲ್ಕು ಅಂಕಿಗಳಿರುತ್ತವೆ. ಮೊದಲೆರಡು ತಯಾರಾದ ವಾರ, ಕೊನೆಯೆರಡು ವರ್ಷ. ಮೂವತ್ತು ಸಾವಿರ ಕಿಲೋಮೀಟರು ಮಾತ್ರ ಓಡಿದೆಯೆನ್ನುವ ಕಾರಿನಲ್ಲಿ ಮೂರನೆಯ ಜೊತೆ ಟೈರುಗಳಿದ್ದರೆ ಅಂಕಿ ಸುಳ್ಳು ಹೇಳುತ್ತಿದೆಯೆಂದೇ ಅರ್ಥ. ಗ್ರಂಥಸಂಪಾದನೆಯ ಪಾಠದಲ್ಲಿ ನಾನು ವರ್ಷವರ್ಷವೂ ಇದನ್ನೇ ಹೇಳುತ್ತೇನೆ: ಓಲೆಗರಿಯ ಕೊನೆಯಲ್ಲಿ ಲಿಪಿಕಾರ ಬರೆದ ಕಾಲವನ್ನು ನಂಬುವುದಕ್ಕೆ ಮೊದಲು ಅಕ್ಷರದ ರೂಪವನ್ನು, ಓಲೆಯ ಸವೆತವನ್ನು, ತಪ್ಪುಗಳ ಬಗೆಯನ್ನು ನೋಡಬೇಕು. ಹೇಳುವವನು ನಾನೇ ಆದರೂ ಕಾರಿನ ಮುಂದೆ ನಿಂತಾಗ ಅದು ನೆನಪಾಗಲಿಲ್ಲ. ಈ ಕಾರಿನ ಅಂಕಿ ನಿಜವಾಗಿತ್ತು. ಹೆದ್ದಾರಿಯಲ್ಲಿ ಓಡಿದ ಒಂದೂವರೆ ಲಕ್ಷಕ್ಕಿಂತ ಪೇಟೆಯ ಸಂದಣಿಯಲ್ಲಿ ತೆವಳಿದ ಅರವತ್ತು ಸಾವಿರವೇ ಗೇರ್‌ಬಾಕ್ಸಿಗೆ ಕಷ್ಟವೆಂದು ಮೇಸ್ತ್ರಿ ಸಮಾಧಾನ ಹೇಳಿದರು.

ಆಮೇಲೆ ಅವರು ಬಾನೆಟ್ಟಿನ ಮೇಲೆ ಅಂಗೈಯಿಟ್ಟು ಸುಮ್ಮನೆ ನಿಂತರು. ನನ್ನ ಕೈಯನ್ನೂ ಇಡಿಸಿದರು. ಬೆಚ್ಚಗಿತ್ತು. ನಾವು ಬರುವ ಮೊದಲೇ ಯಾರೋ ಕಾರನ್ನು ಓಡಿಸಿ ತಂದಿದ್ದರು. "ತಣ್ಣಗಿದ್ದಾಗ ಏನು ಮಾಡುತ್ತೆ ಅನ್ನೋದನ್ನ ನೋಡಬೇಕು. ನಾಳೆ ಬರೋಣ" ಎಂದು ನನ್ನನ್ನು ಹೊರಡಿಸಿಬಿಟ್ಟರು. ಕಾರಿನ ಯಜಮಾನರು ಕಾಫಿ ಕುಡಿದು ಹೋಗಿರೆಂದು ಬಲವಂತ ಮಾಡಿದರು. ಸಜ್ಜನರು. ಆ ಕಾಫಿಯ ಮುಂದೆ ಕುಳಿತು ಅವರನ್ನು ಸಂಶಯಿಸುವುದು ನನಗೆ ಬಹಳ ಸಂಕೋಚದ ಕೆಲಸವಾಯಿತು.

ಮಾರನೆಯ ದಿನ ಆರೂವರೆಗೆ ಹೋದೆವು. ಈ ಸಲ ಲೋಹ ತಣ್ಣಗಿತ್ತು. ಎಂಜಿನ್ ಎಬ್ಬಿಸಿ, ಬ್ರೇಕು ತುಳಿದು, ಸನ್ನೆಗೋಲನ್ನು ಪಾರ್ಕಿನಿಂದ ರಿವರ್ಸಿಗೆ, ಅಲ್ಲಿಂದ ನ್ಯೂಟ್ರಲ್‌ಗೆ, ಅಲ್ಲಿಂದ ಡ್ರೈವಿಗೆ ಮೇಸ್ತ್ರಿ ಒಂದೊಂದಾಗಿ ತಂದರು. ಪ್ರತಿಯೊಂದಕ್ಕೂ ಕಾರು ಒಂದು ಸೆಕೆಂಡಿನೊಳಗೆ ಮೆಲ್ಲನೆ ತಲೆಯಾಡಿಸಿ ಒಪ್ಪಿಕೊಳ್ಳಬೇಕು. ತಡವಾದರೆ, ಧಡಕ್ಕೆಂದು ಬಡಿದರೆ ಅನುಮಾನ. ಏನೂ ಆಗಲಿಲ್ಲ. ಕಾರು ಕಾದ ಮೇಲೆ ಅಳತೆಯ ಕಡ್ಡಿಯನ್ನು ಹೊರಗೆಳೆದು, ಬಿಳಿಯ ಕಾಗದದ ಮೇಲೆ ಒಂದು ತೊಟ್ಟು ಬೀಳಿಸಿದರು. ಈ ಎಣ್ಣೆ ಹೊಸದಾಗಿದ್ದಾಗ ದಾಸವಾಳದ ಕೆಂಪು. ಗುಲಾಬಿ ಹಾಲಿನಂತಿದ್ದರೆ ರೇಡಿಯೇಟರಿನ ನೀರು ಸೇರಿದೆಯೆಂದು ತಿಳಿದು ಅಲ್ಲಿಂದಲೇ ಕೈಮುಗಿದು ಬರಬೇಕು. ಈ ಕಾಗದದ ಮೇಲೆ ಬಿದ್ದದ್ದು ಕಾಫಿಯ ಡಿಕಾಕ್ಷನ್ನಿನ ಬಣ್ಣ. ಮೇಸ್ತ್ರಿ ಮೂಸಿದರು. ನಾನೂ ಮೂಸಿದೆ. ಸೀದ ವಾಸನೆ ತುಸುವೇ ಇತ್ತು; ಇದೆಯೆಂದರೆ ಇದೆ, ಇಲ್ಲವೆಂದರೆ ಇಲ್ಲ.

"ಎಣ್ಣೆ ಯಾವಾಗ ಬದಲಾಯಿಸಿದಿರಿ?" ಎಂದು ಕೇಳಿದೆ.

"ಬದಲಾಯಿಸುವ ಅಗತ್ಯವೇ ಇಲ್ಲವೆಂದು ಹೇಳಿದ್ದರು" ಎಂದರು ಯಜಮಾನರು.

ಹೀಗೆ ಹೇಳುವವರು ಬಹಳ ಮಂದಿಯಿದ್ದಾರೆ. ಜೀವಮಾನದ ಎಣ್ಣೆ ಎಂದು ಅದಕ್ಕೆ ಹೆಸರು. ಯಾರ ಜೀವಮಾನ ಎಂಬುದನ್ನು ಮಾತ್ರ ಯಾರೂ ಬಿಡಿಸಿ ಹೇಳುವುದಿಲ್ಲ. ಮೇಸ್ತ್ರಿ ತಮ್ಮ ಸ್ಕ್ಯಾನರನ್ನು ಸಿಕ್ಕಿಸಿ ನೋಡಿದರು. ಯಾವ ದೋಷವೂ ದಾಖಲಾಗಿರಲಿಲ್ಲ. ನಾನು ಹರ್ಷಗೊಂಡೆ. ಅವರು ನನ್ನ ಕಿವಿಯಲ್ಲಿ, "ಹಿಂದಿನ ರಾತ್ರಿ ಅಳಿಸಿದ್ದರೂ ಹೀಗೇ ತೋರಿಸುತ್ತೆ" ಎಂದರು. ನಗರದ ರಸ್ತೆಯಲ್ಲಿ ಎಂಟು ಕಿಲೋಮೀಟರು ಓಡಿಸಿದ್ದಾಯಿತು. ಎರಡರಿಂದ ಮೂರನೆಯ ಗೇರಿಗೆ ಹೋಗುವಾಗ ಎಂಜಿನ್ ಒಮ್ಮೆ ಸುಮ್ಮನೆ ಅರಚಿತೇ? ಮೇಸ್ತ್ರಿ ಹೌದೆಂದರು, ನನಗೆ ಕೇಳಿಸಲಿಲ್ಲ. "ನಾಳೆ ಬೆಟ್ಟ ಹತ್ತಿಸಿ ನೋಡೋಣ. ಎಣ್ಣೆ ಚೆನ್ನಾಗಿ ಕಾದಾಗ ತೆಳುವಾಗುತ್ತೆ. ಸವೆದ ಜಾಗದಲ್ಲೆಲ್ಲ ನುಸುಳಿಹೋಗಿ ಒತ್ತಡ ಬೀಳುತ್ತೆ. ಆಗ ಸುಳ್ಳು ಹೇಳೋಕಾಗಲ್ಲ" ಎಂದರು.

ಅಂದು ಕಾಲೇಜಿನ ಅಧ್ಯಾಪಕರ ಕೊಠಡಿಯಲ್ಲಿ ಈ ಪುರಾಣವನ್ನು ಹೇಳುತ್ತಿದ್ದಾಗ, ಬಿ.ಕಾಂ. ತರಗತಿಗಳಿಗೆ ವ್ಯಾಪಾರ ಕಾನೂನನ್ನು ಬೋಧಿಸುವ ಸ್ನೇಹಿತರು ನಕ್ಕು, "ಅವರು ಸುಮ್ಮನಿದ್ದರೆ ಕಾನೂನಿನ ಕಣ್ಣಿಗೆ ಮೋಸವಾಗುವುದಿಲ್ಲ, ಗೊತ್ತೆ?" ಎಂದರು. ೧೮೭೨ರ ಭಾರತೀಯ ಕರಾರು ಅಧಿನಿಯಮದ ೧೭ನೆಯ ಪ್ರಕರಣ ಇದನ್ನು ಹೇಳುತ್ತದಂತೆ. ಅದರ ಕೆಳಗೆ ಕೊಟ್ಟಿರುವ ದೃಷ್ಟಾಂತಗಳು ಕಥೆಗಾರನೊಬ್ಬ ಬರೆದಂತಿವೆ. ಒಬ್ಬನು ತನ್ನ ಕುದುರೆಯನ್ನು ಹರಾಜಿನಲ್ಲಿ ಮಾರುತ್ತಾನೆ. ಅದು ರೋಗಿಷ್ಠವೆಂದು ಅವನಿಗೆ ಗೊತ್ತು. ಆದರೆ ಏನೂ ಹೇಳುವುದಿಲ್ಲ. ಇದು ವಂಚನೆಯಲ್ಲ. ಎರಡನೆಯದರಲ್ಲಿ ಕೊಳ್ಳುವವಳು ಅವನ ಮಗಳು, ಆಗತಾನೆ ಪ್ರಾಪ್ತವಯಸ್ಕಳಾದವಳು. ಅವರಿಬ್ಬರ ಸಂಬಂಧದ ಕಾರಣ ಇಲ್ಲಿ ಹೇಳುವುದು ಅವನ ಕರ್ತವ್ಯ. ಮೂರನೆಯದರಲ್ಲಿ ಕೊಳ್ಳುವವನು, "ನೀನು ಅಲ್ಲಗಳೆಯದಿದ್ದರೆ ಕುದುರೆ ಸರಿಯಾಗಿದೆಯೆಂದು ತಿಳಿಯುತ್ತೇನೆ" ಎನ್ನುತ್ತಾನೆ, ಮಾರುವವನು ಸುಮ್ಮನಿರುತ್ತಾನೆ. ಈಗ ಆ ಮೌನ ಮಾತಿಗೆ ಸಮ.

ಸ್ನೇಹಿತರು ಮೂರನೆಯದನ್ನು ನನಗೆ ಉಪಾಯವಾಗಿ ಹೇಳಿಕೊಟ್ಟರು. ಆದರೆ ಮನಸ್ಸು ಎರಡನೆಯದರಲ್ಲಿ ಸಿಕ್ಕಿಕೊಂಡಿತು. ನನ್ನ ಸ್ಕೂಟರನ್ನು ಕೊಂಡವನು ನನ್ನ ಹಳೆಯ ವಿದ್ಯಾರ್ಥಿ. ಹುಣಸೂರಿನ ಒಂದು ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದ. ಬಿದ್ದಾಗ ಸ್ಕೂಟರಿನ ಮುಂದಿನ ಫೋರ್ಕು ಬಾಗಿತ್ತು. ಹೊಸದನ್ನು ಹಾಕಿಸುವ ಬದಲು ಕಾಯಿಸಿ ನೇರ ಮಾಡಿಸಿದ್ದೆ. ಹ್ಯಾಂಡಲ್ಲಿನ ಬುಡದಲ್ಲಿ ಬಿಟ್ಟಿದ್ದ ಬಿರುಕಿಗೆ ಬೆಸುಗೆ ಹಾಕಿಸಿ, ಮೇಲೆ ಬಣ್ಣ ಬಳಿಸಿದ್ದೆ. ಅವನು ಬಂದವನು ಸ್ಕೂಟರನ್ನು ಸರಿಯಾಗಿ ನೋಡಲೂ ಇಲ್ಲ. "ನಿಮ್ಮ ಗಾಡಿ ಅಂದಮೇಲೆ ನೋಡೋದೇನಿದೆ ಸಾರ್" ಎಂದ. ನಾನು ಅಲ್ಲಗಳೆಯಲಿಲ್ಲ. ಹದಿನೆಂಟು ಸಾವಿರ ರೂಪಾಯಿಯನ್ನು ಎಣಿಸಿ ತೆಗೆದುಕೊಂಡೆ. ಆಸ್ಪತ್ರೆಯ ಖರ್ಚಿತ್ತು ಎಂದು ಆಗ ಹೇಳಿಕೊಂಡಿದ್ದೆ. ಆ ಖರ್ಚು ನಿಜವಾಗಿ ಇದ್ದದ್ದೇ.

ಮಾರನೆಯ ದಿನ ಚಾಮುಂಡಿಬೆಟ್ಟಕ್ಕೆ ಹೊರಟೆವು. ಮೇಸ್ತ್ರಿ ಓಡಿಸುತ್ತಿದ್ದರು, ಯಜಮಾನರು ಅವರ ಪಕ್ಕದಲ್ಲಿ, ನಾನು ಹಿಂದೆ ಕಾಲು ನೀಡಿಕೊಂಡು. ಮೇಲೆ ದೇವಸ್ಥಾನದ ಬಳಿ ಒಂದು ಸುತ್ತು ಹಾಕಿ, ಇಳಿಯುವಾಗ ಸನ್ನೆಗೋಲನ್ನು ಎರಡಕ್ಕೆ ತಂದು ಎಂಜಿನ್ನಿನ ಹಿಡಿತದಲ್ಲಿ ಇಳಿಸಿ, ನಂದಿಯ ಹತ್ತಿರ ತಿರುಗಿಸಿ ಮತ್ತೆ ಹತ್ತಿಸಿದರು. ಮೂರನೆಯ ಸಲ ಹತ್ತುವಾಗ ತಿರುವಿನಲ್ಲಿ ಒಂದು ಕಡೆ ನಿಲ್ಲಿಸಿ ಪಾರ್ಕಿಗೆ ತಂದರು. ಯಾರೂ ಮಾತನಾಡಲಿಲ್ಲ. ಕೆಳಗೆ ಊರು ಮಂಜಿನಲ್ಲಿ ಮುಸುಕಿತ್ತು.

ಆಗ ನಾನು ಮೂರನೆಯ ದೃಷ್ಟಾಂತವನ್ನು ಆಡಿದೆ. "ಸ್ವಾಮಿ, ನನ್ನ ಕೈಯಲ್ಲಿರುವುದು ಮಗಳ ಓದಿನ ಹಣ. ನೀವು ಇಲ್ಲವೆನ್ನದಿದ್ದರೆ ಗೇರ್‌ಬಾಕ್ಸು ಸರಿಯಾಗಿದೆಯೆಂದು ನಂಬಿ ಕೊಂಡುಬಿಡುತ್ತೇನೆ."

ಅವರು ಕಿಟಕಿಯ ಹೊರಗೆ ನೋಡುತ್ತಿದ್ದರು. ಮೇಸ್ತ್ರಿ ಸನ್ನೆಗೋಲನ್ನು ಡ್ರೈವಿಗೆ ಎಳೆದರು. ಒಂದು. ಎರಡು. ಕಾರು ನ್ಯೂಟ್ರಲ್‌ನಲ್ಲಿರುವಂತೆ ನಿಂತೇ ಇತ್ತು. ಮೂರು ಎನ್ನುವಷ್ಟರಲ್ಲಿ ಧಡಕ್ಕೆಂದು ಯಾರೋ ಹಿಂದಿನಿಂದ ಗುದ್ದಿದಂತಾಗಿ ಮುಂದಕ್ಕೆ ಜಗ್ಗಿತು.

"ಹೋದ ಬೇಸಿಗೆಯಿಂದ ಹೀಗಾಗುತ್ತಿದೆ" ಎಂದರು ಯಜಮಾನರು, ಇನ್ನೂ ಹೊರಗೇ ನೋಡುತ್ತ. "ಬಿಸಿಯಾದಾಗ ಮಾತ್ರ. ಬಿಚ್ಚಿಸಬೇಕು, ತೊಂಬತ್ತು ಸಾವಿರವಾಗಬಹುದು ಎಂದರು. ಮಗ ಫೋನಿನಲ್ಲಿ, ಬೇಗ ಮಾರಿಬಿಡಿ ಅಪ್ಪ ಎಂದ. ನೀವು ಕೇಳಿರಲಿಲ್ಲ. ಕೇಳದಿದ್ದರೆ..." ಎಂದು ನಿಲ್ಲಿಸಿದರು. ಸ್ವಲ್ಪ ಹೊತ್ತಾದ ಮೇಲೆ, "ಮೊನ್ನೆ ನೀವು ಬರುವ ಮೊದಲು ಬಿಸಿ ಮಾಡಿದ್ದು ನಾನಲ್ಲ, ಪೇಪರು ತರಲು ಹೋಗಿದ್ದ ನಮ್ಮ ಡ್ರೈವರು" ಎಂದರು. ಅದು ಮಾತ್ರ ನಿಜವಿರಬಹುದು. ತಣ್ಣಗಿದ್ದಾಗ ಸರಿಯಾಗಿರುವ ಕಾರನ್ನು ಬಿಸಿ ಮಾಡಿಟ್ಟು ಅವರಿಗೆ ಏನೂ ಲಾಭವಿರಲಿಲ್ಲ.

ನನಗೆ ಕೋಪ ಬರಬೇಕಾಗಿತ್ತು. ಬರಲಿಲ್ಲ. ಅವರ ಕತ್ತಿನ ಹಿಂಭಾಗವನ್ನು ನೋಡುತ್ತ, ಸ್ಕೂಟರಿನ ಹಣವನ್ನು ಎಣಿಸಿಕೊಳ್ಳುವಾಗ ನನ್ನ ಕತ್ತು ಹೇಗೆ ಕಂಡಿತ್ತೋ ಎಂದುಕೊಂಡೆ.

ಇಂಥ ಕಾರನ್ನು ಬಿಟ್ಟು ಬರಬೇಕೆಂಬುದೇ ಬುದ್ಧಿವಂತರ ಮತ. ಬಹುಮಟ್ಟಿಗೆ ಅದೇ ಸರಿ. ಆದರೆ ಎಂಜಿನ್, ಬ್ರೇಕು, ತಳ ಎಲ್ಲವೂ ಗಟ್ಟಿಯಾಗಿದ್ದವು; ರೋಗ ಯಾವುದೆಂದು ಗೊತ್ತಾಗಿತ್ತು, ಅದಕ್ಕೆ ಬೆಲೆ ಕಟ್ಟಬಹುದಾಗಿತ್ತು. ಗೊತ್ತಿಲ್ಲದ ಇನ್ನೊಂದು ಕಾರಿನ ಗೊತ್ತಿಲ್ಲದ ರೋಗಕ್ಕೆ ಬೆಲೆ ಕಟ್ಟುವುದು ಹೇಗೆ? ೧,೯೫,೦೦೦ಕ್ಕೆ ಮಾತಾಯಿತು. ಉಳಿದ ತೊಂಬತ್ತು ಸಾವಿರವನ್ನು ಗೇರ್‌ಬಾಕ್ಸಿನ ಹೆಸರಿನಲ್ಲಿ ಬ್ಯಾಂಕಿನಲ್ಲೇ ಬಿಟ್ಟೆ. ೨೯ ಮತ್ತು ೩೦ನೆಯ ನಮೂನೆಗಳಿಗೆ ಇಬ್ಬರೂ ಸಹಿ ಹಾಕಿದೆವು. ಹೆಂಡತಿ, "ಮಂಡಿ ಹೋದವರು ಗೇರ್‌ಬಾಕ್ಸು ಹೋದ ಕಾರನ್ನು ತಂದಿದ್ದೀರಿ. ಈಡು ಜೋಡು ಸರಿಯಾಗಿದೆ" ಎಂದಳು.

ಎಣ್ಣೆ ಬದಲಾಯಿಸುವ ವಿಚಾರದಲ್ಲಿ ಒಂದು ಭಯ ಎಲ್ಲೆಡೆ ಹಬ್ಬಿದೆ: ಹಳೆಯ ಗೇರ್‌ಬಾಕ್ಸಿಗೆ ಹೊಸ ಎಣ್ಣೆ ಹಾಕಿದರೆ ಅದು ಸಾಯುತ್ತದೆ. ಇದು ಪೂರ್ತಿ ಮೂಢನಂಬಿಕೆಯಲ್ಲ. ಸವೆದ ಬಿಲ್ಲೆಗಳ ಪುಡಿಯೇ ಹಳೆಯ ಎಣ್ಣೆಯಲ್ಲಿ ತೇಲುತ್ತಾ ಒಂದಿಷ್ಟು ಹಿಡಿತ ಕೊಡುತ್ತಿರುತ್ತದೆ. ಅದನ್ನು ತೊಳೆದರೆ ಜಾರುವುದು ಬಯಲಾಗುತ್ತದೆ. ಕೊಂದದ್ದು ಹೊಸ ಎಣ್ಣೆಯಲ್ಲ. ಅದು ಸಾವಿನ ಸುದ್ದಿ ತಂದದ್ದು ಮಾತ್ರ. ಮೇಸ್ತ್ರಿ ಒತ್ತಡದಿಂದ ತೊಳೆಯುವ ಯಂತ್ರಕ್ಕೆ ಒಪ್ಪಲಿಲ್ಲ. ಕೆಳಗಿನ ಬಿರಡೆ ಬಿಚ್ಚಿ ಇಳಿದಷ್ಟನ್ನು ಇಳಿಸಿದರು. ಕನ್ವರ್ಟರಿನೊಳಗೆ ಬಹುಪಾಲು ಉಳಿದುಬಿಡುವುದರಿಂದ ಒಂದು ಸಲಕ್ಕೆ ಅರ್ಧವೂ ಇಳಿಯುವುದಿಲ್ಲ. ಐನೂರು ಕಿಲೋಮೀಟರು ಬಿಟ್ಟು ಮತ್ತೊಮ್ಮೆ, ಇನ್ನೈನೂರು ಬಿಟ್ಟು ಮಗದೊಮ್ಮೆ. ಮೊದಲ ಸಲ ತಟ್ಟೆಯನ್ನು ಕಳಚಿದಾಗ ಒಳಗಿನ ಅಯಸ್ಕಾಂತದ ಮೇಲೆ ವಿಭೂತಿಯಂಥ ನುಣ್ಣನೆಯ ಬೂದುಲೇಪವಿತ್ತು. ಅದನ್ನು ಬೆರಳಿನಿಂದ ಸವರಿ, ಚೂರುಗಳೇನೂ ಸಿಗುವುದಿಲ್ಲವೆಂದು ಖಚಿತ ಮಾಡಿಕೊಂಡು, "ಇದು ವಯಸ್ಸು ಮೇಷ್ಟ್ರೇ, ಕಾಯಿಲೆಯಲ್ಲ" ಎಂದರು. ಮೂರು ಸಲವೂ ಮುಗಿದ ಮೇಲೆ ಮೂರು ಸೆಕೆಂಡಿನ ತಡ ಒಂದೂವರೆಗೆ ಇಳಿಯಿತು. ಬಿಚ್ಚಿಸುವ ಕಾಲ ಬಂದೇ ಬರುತ್ತದೆ, ಎಂದು ಎಂಬುದನ್ನು ಮಾತ್ರ ಹೇಳಲಾರೆ ಎಂದರು.

ಕಾರು ಒಂದು ವರ್ಷ ಓಡಿದ ಮೇಲೆ, ಒಂದು ಸಂಜೆ ಹುಣಸೂರಿನ ಬಸ್ ನಿಲ್ದಾಣದ ಮುಂದೆ ಆ ವಿದ್ಯಾರ್ಥಿ ಕಾಣಿಸಿದ. ಅಷ್ಟು ದಿನವೂ ಅವನ ಅಂಗಡಿಯ ಬೀದಿಯನ್ನು ತಪ್ಪಿಸಿ ಹೋಗುತ್ತಿದ್ದೆನೆಂಬುದನ್ನು ಮುಚ್ಚಿಡುವುದಿಲ್ಲ. ಕಾರನ್ನು ಪಕ್ಕಕ್ಕೆ ನಿಲ್ಲಿಸಿ ಕರೆದೆ. ಸ್ಕೂಟರಿನ ಫೋರ್ಕು ಬಾಗಿ ನೇರ ಮಾಡಿಸಿದ್ದೆಂದೂ ಹ್ಯಾಂಡಲ್ಲಿನ ಬುಡದಲ್ಲಿ ಬೆಸುಗೆಯಿದೆಯೆಂದೂ, ನನ್ನ ಖರ್ಚಿನಲ್ಲಿ ಹೊಸದು ಹಾಕಿಸಿಕೊಡುತ್ತೇನೆಂದೂ ಒಂದೇ ಉಸಿರಿನಲ್ಲಿ ಹೇಳಿದೆ. ತರಗತಿಯಲ್ಲಿ ನಾನು ಎಂದೂ ಅಷ್ಟು ವೇಗವಾಗಿ ಮಾತನಾಡಿದವನಲ್ಲ.

ಅವನು ತುಸು ಹೊತ್ತು ಸುಮ್ಮನಿದ್ದ. "ಅದನ್ನ ಮಾರಿ ಆರು ತಿಂಗಳಾಯ್ತು ಸಾರ್" ಎಂದ.

ಕೊಂಡವರಿಗೆ ಹೇಳಿದೆಯಾ ಎಂದು ಕೇಳುವಂತಿರಲಿಲ್ಲ. ಅವನಿಗೇ ನಾನು ಹೇಳಿರಲಿಲ್ಲವಲ್ಲ. ಯಾರಿಗೆ ಮಾರಿದೆಯೆಂದು ಕೇಳಿದೆ. ರತ್ನಪುರಿಯ ಕಡೆ ಹಾಲು ಹಾಕುವ ಒಬ್ಬರಿಗಂತೆ. ನಂಬರು ಹುಡುಕಿ ಕೊಡುತ್ತೇನೆ ಎಂದ. ಅಂದೇ ರಾತ್ರಿ ಕಳುಹಿಸಿದ. ಮರುದಿನ ಮೊದಲ ತರಗತಿ ಹನ್ನೊಂದಕ್ಕಿತ್ತು. ಆರು ಗಂಟೆಗೆ ಕಾರು ತೆಗೆದು, ತಣ್ಣನೆಯ ಎಂಜಿನ್ನನ್ನು ಎಬ್ಬಿಸಿ, ಸನ್ನೆಗೋಲನ್ನು ಡ್ರೈವಿಗೆ ಎಳೆದು, ಅದು ಹಿಡಿಯುವವರೆಗೆ ಎಣಿಸುತ್ತಾ ಕುಳಿತೆ.